ಡಚ್ ಸಂವಿಧಾನ ಬದಲಾಗುವುದು ಯಾರ ಕೈಯಲ್ಲಿದೆ? ಪಕ್ಷಗಳ ಪಾತ್ರದ ಬಗ್ಗೆ ಒಂದು ಚರ್ಚೆ

ಹೇಗ್_ಕನ್ನಡತಿ

ಈ ಸಲದ ಮುನಿಸಿಪಲ್ ಚುನಾವಣೆ ಮುಗಿದ ಮೇಲೆ ಇಲ್ಲಿನ ನಮ್ಮವರ ನಡುವೆ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ನೆದರ್‌ಲ್ಯಾಂಡ್ಸ್‌ನಲ್ಲಿ ಐದು ವರ್ಷ ಕಾನೂನುಬದ್ಧವಾಗಿ ನೆಲೆಸಿದವರು, ಪಾಸ್‌ಪೋರ್ಟ್ ಭಾರತದ್ದೇ ಆಗಿದ್ದರೂ, ನಗರಸಭೆಗೆ ಓಟು ಹಾಕಬಹುದು. ಮತದಾನದ ಪಾಸ್ ಅಂಚೆಯಲ್ಲಿ ಮನೆಗೇ ಬರುತ್ತದೆ. ಬೂತಿನಲ್ಲಿ ಮಡಚಿದ ದೊಡ್ಡ ಹಾಳೆ ಕೊಡುತ್ತಾರೆ, ಕೆಂಪು ಪೆನ್ಸಿಲ್‌ನಲ್ಲಿ ಒಂದು ಹೆಸರಿನ ಮುಂದೆ ಬಣ್ಣ ತುಂಬಬೇಕು. ಮೊದಲ ಸಲ ಹಾಕಿ ಬಂದವರು ಕೇಳುವುದು ಇದು: "ಮೇಯರ್‌ಗೆ ಓಟು ಹಾಕುವ ಹಾಳೆ ಎಲ್ಲಿ?"

ಅಂಥ ಹಾಳೆ ಇಲ್ಲ. ನಮ್ಮೂರಲ್ಲಿ ಮೇಯರನ್ನು ಕಾರ್ಪೊರೇಟರ್‌ಗಳು ಸೇರಿ ಆರಿಸುತ್ತಾರೆ. ಇಲ್ಲಿ ಅದೂ ಅಲ್ಲ. ನಗರಸಭೆ ಒಂದು ಹೆಸರನ್ನು ಶಿಫಾರಸು ಮಾಡುತ್ತದೆ, ರಾಜನ ಆದೇಶದಿಂದ ಆರು ವರ್ಷಕ್ಕೆ ನೇಮಕ ಆಗುತ್ತದೆ. ಇದನ್ನು ಬದಲಾಯಿಸಬೇಕು ಅಂತ ದಶಕಗಳಿಂದ ಹೋರಾಟ ನಡೆದಿದೆ. 2005ರಲ್ಲಿ ಕೈಗೆ ಬಂದಂತೆ ಆಗಿ ತಪ್ಪಿಹೋಯಿತು. ತಪ್ಪಿಸಿದ್ದು ಅರಮನೆಯೂ ಅಲ್ಲ, ಜನರೂ ಅಲ್ಲ, ಪಕ್ಷಗಳು.

ಹಾಗಾಗಿ ಈ ಚರ್ಚೆ ಶುರು ಮಾಡುತ್ತಿದ್ದೇನೆ. ಮೊದಲು ತಿದ್ದುಪಡಿಯ ದಾರಿ ಹೇಳಿಬಿಡುತ್ತೇನೆ. 137ನೇ ವಿಧಿಯ ಪ್ರಕಾರ ಮೊದಲ ಓದಿನಲ್ಲಿ ಎರಡೂ ಮನೆಗಳಲ್ಲಿ ಸಾಮಾನ್ಯ ಬಹುಮತ ಸಾಕು. ಆಮೇಲೆ ಕೆಳಮನೆಗೆ (ಇಲ್ಲಿ ಟ್ವೇಡೆ ಕಾಮರ್ ಅನ್ನುತ್ತಾರೆ, 150 ಸದಸ್ಯರು) ಹೊಸ ಚುನಾವಣೆ ಆಗಬೇಕು. ನಂತರ ಎರಡನೇ ಓದು. ಆಗ ಎರಡೂ ಮನೆಗಳಲ್ಲಿ ಬಿದ್ದ ಮತಗಳ ಮೂರನೇ ಎರಡು ಭಾಗ ಬೇಕು. ಮೇಲ್ಮನೆ, ಅಂದರೆ ಎರ್‌ಸ್ಟೆ ಕಾಮರ್, 75 ಜನರದ್ದು. ಅವರನ್ನು ನೇರವಾಗಿ ಜನ ಆರಿಸುವುದಿಲ್ಲ, ಪ್ರಾಂತ್ಯಗಳ ಸದಸ್ಯರು ಆರಿಸುತ್ತಾರೆ.

ನಡುವೆ ಚುನಾವಣೆ ಇಟ್ಟಿರುವುದು ಜನರ ಅಭಿಪ್ರಾಯ ಬರಲಿ ಅಂತ. ಆದರೆ ಸಂವಿಧಾನ ತಿದ್ದುಪಡಿ ಇಟ್ಟುಕೊಂಡು ಯಾವ ಪಕ್ಷವೂ ಪ್ರಚಾರ ಮಾಡುವುದನ್ನು ನಾನು ಇಲ್ಲಿ ಕಂಡಿಲ್ಲ. ಮನೆ ಬಾಡಿಗೆ, ಆರೋಗ್ಯ ವಿಮೆ, ವಲಸೆ ಇವೇ ಮಾತು. ಅಂದರೆ ಜನರಿಗೆ ಇಟ್ಟ ಜಾಗದಲ್ಲೂ ಪಕ್ಷಗಳೇ ಕೂತಿವೆ.

ನನ್ನ ವಾದ ಇಷ್ಟು. ಎಲ್ಲರಿಗೂ ಸ್ವಲ್ಪ ಸ್ವಲ್ಪ ಸಿಗುವ ತಿದ್ದುಪಡಿ ಪಾಸಾಗುತ್ತದೆ, ಯಾರಿಗೂ ನಷ್ಟ ಇಲ್ಲದ ತಿದ್ದುಪಡಿಯೂ ಪಾಸಾಗುತ್ತದೆ. ಪಕ್ಷಗಳ ಹಿಡಿತವನ್ನೇ ಸಡಿಲ ಮಾಡುವ ತಿದ್ದುಪಡಿ ಮಾತ್ರ ಬೀಳುತ್ತದೆ. ನಿಮಗೆ ಏನನ್ನಿಸುತ್ತದೆ?

ಧಾರವಾಡದ_ಮೇಷ್ಟ್ರು

ಒಳ್ಳೆಯ ವಿಷಯ ತೆಗೆದಿರಿ. ಆದರೆ ಇತಿಹಾಸದಿಂದ ಶುರು ಮಾಡಿದರೆ ಪಕ್ಷಗಳ ಮೇಲೆ ಇಷ್ಟು ಕೋಪ ಬರುವುದಿಲ್ಲ ಅನ್ನಿಸುತ್ತದೆ.

ಡಚ್ ಸಂವಿಧಾನದ ದೊಡ್ಡ ತಿರುವು 1848. ಯುರೋಪಿನ ತುಂಬ ದಂಗೆ ಎದ್ದಿದ್ದ ವರ್ಷ. ಎರಡನೇ ವಿಲಿಯಂ ರಾಜ ಹೆದರಿ ಒಂದೇ ರಾತ್ರಿಯಲ್ಲಿ ಉದಾರವಾದಿ ಆದ ಅಂತ ಪ್ರತೀತಿ. ಲೈಡನ್ನಿನ ಪ್ರೊಫೆಸರ್ ಥೋರ್ಬೆಕೆ ಮುಖ್ಯಸ್ಥರಾಗಿದ್ದ ಆಯೋಗ ಹೊಸ ಕರಡು ಬರೆಯಿತು. ಮಂತ್ರಿಗಳು ಸಂಸತ್ತಿಗೆ ಉತ್ತರ ಕೊಡಬೇಕು, ಕೆಳಮನೆಗೆ ನೇರ ಚುನಾವಣೆ ಆಗಬೇಕು, ಎಲ್ಲ ಬಂದದ್ದು ಆಗ. ಆ ಹೊತ್ತಿಗೆ ಇವತ್ತಿನ ಅರ್ಥದ ಪಕ್ಷ ಒಂದೂ ಇರಲಿಲ್ಲ. ಓಟಿನ ಹಕ್ಕು ತೆರಿಗೆ ಕಟ್ಟುವ ಗಂಡಸರಿಗೆ ಮಾತ್ರ ಇತ್ತು.

ಮೊದಲ ನಿಜವಾದ ಪಕ್ಷ ಬಂದದ್ದು 1879ರಲ್ಲಿ. ಪಾದ್ರಿ ಅಬ್ರಹಾಂ ಕೈಪರ್ ಕಟ್ಟಿದ ಎಆರ್‌ಪಿ. ಅದು ಹುಟ್ಟಿದ್ದು ಶಾಲೆಯ ಜಗಳದಿಂದ. ಸರ್ಕಾರಿ ಶಾಲೆಗೆ ಹಣ ಇತ್ತು, ಧಾರ್ಮಿಕ ಶಾಲೆಗೆ ಇರಲಿಲ್ಲ. 1878ರಲ್ಲಿ ಹೊಸ ಶಾಲಾ ಕಾನೂನಿನ ವಿರುದ್ಧ ಮೂರು ಲಕ್ಷ ಜನ ರಾಜನಿಗೆ ಮನವಿಗೆ ಸಹಿ ಹಾಕಿದರು. ಓಟಿಲ್ಲದ ಬಡ ರೈತರು, ಅಂಗಡಿಯವರೂ ಅದರಲ್ಲಿ ಇದ್ದರು. ಆ ಸಹಿಗಳೇ ಪಕ್ಷಕ್ಕೆ ಬುಡ ಹಾಕಿದವು.

ಇನ್ನೊಂದು ಕಡೆ ಸಮಾಜವಾದಿಗಳು ಎಲ್ಲರಿಗೂ ಓಟು ಬೇಕು ಅಂತ ಬೀದಿಗೆ ಇಳಿದರು. 1911 ಮತ್ತು 1912ರಲ್ಲಿ ಹೇಗ್‌ನಲ್ಲಿ ನಡೆದ ಮೆರವಣಿಗೆಗಳನ್ನು ಕೆಂಪು ಮಂಗಳವಾರ ಅಂತ ಇವತ್ತಿಗೂ ಕರೆಯುತ್ತಾರೆ. ಹೀಗೆ ಎರಡು ಜಗಳ, ಎರಡೂ ಸಂವಿಧಾನದ್ದು, ಎರಡೂ ದಶಕಗಟ್ಟಲೆ ಎಳೆದದ್ದು.

1917ರಲ್ಲಿ ಎರಡನ್ನೂ ಸೇರಿಸಿ ರಾಜಿ ಮಾಡಿದರು. ಪ್ರಧಾನಿ ಕಾರ್ಟ್ ಫಾನ್ ಡೆರ್ ಲಿಂಡನ್. ಧಾರ್ಮಿಕ ಪಕ್ಷಗಳಿಗೆ ಅವರ ಶಾಲೆಗೆ ಸಮಾನ ಹಣ ಸಿಕ್ಕಿತು. ಸಮಾಜವಾದಿಗಳಿಗೂ ಉದಾರವಾದಿಗಳಿಗೂ ಎಲ್ಲ ಗಂಡಸರ ಓಟು ಸಿಕ್ಕಿತು. ಹೆಂಗಸರಿಗೆ ಚುನಾವಣೆಗೆ ನಿಲ್ಲುವ ಹಕ್ಕು ಸಿಕ್ಕಿತು, ಓಟು 1919ರಲ್ಲಿ ಬಂತು. ಕ್ಷೇತ್ರಗಳು ಹೋಗಿ ಅನುಪಾತ ಪ್ರಾತಿನಿಧ್ಯ, ಅಂದರೆ ಮತದ ಪಾಲಿಗೆ ತಕ್ಕಷ್ಟು ಸೀಟು, ಬಂತು.

ನಡುವಿನ ಚುನಾವಣೆಯಲ್ಲಿ ಏನು ಮಾಡಿದರು ಗೊತ್ತಾ? ಯಾರೂ ಹಾಲಿ ಸದಸ್ಯರ ಎದುರು ಅಭ್ಯರ್ಥಿ ಹಾಕಬಾರದು ಅಂತ ಪಕ್ಷಗಳೇ ಒಪ್ಪಂದ ಮಾಡಿಕೊಂಡವು. ರಾಜಿ ಕೆಡಬಾರದು ಅಂತ. ಯುರೋಪಿನಲ್ಲಿ ಮೊದಲ ಮಹಾಯುದ್ಧ ನಡೆಯುತ್ತಿತ್ತು, ಡಚ್ಚರು ತಟಸ್ಥರಾಗಿದ್ದರು, ಒಳಗೆ ಒಡಕು ಬೇಡ ಅನ್ನುವ ಭಾವನೆಯೂ ಇತ್ತು. ಪಕ್ಷಗಳು ಇಲ್ಲದಿದ್ದರೆ ಇಂಥ ಮಾತುಕತೆಗೆ ಕೂರುವವರು ಯಾರು? ಯಾರ ಮಾತಿಗೆ ಬೆಲೆ ಇರುತ್ತಿತ್ತು?

ಉಟ್ರೆಕ್ಟ್_ಅಪ್ಪ

ಮೇಷ್ಟ್ರೇ, ಆ 1917 ನಮ್ಮ ಮನೆಯಲ್ಲೇ ಇದೆ. ಮಗಳು ಹೋಗುವ ಪ್ರಾಥಮಿಕ ಶಾಲೆ ಕ್ಯಾಥೊಲಿಕ್ ಶಾಲೆ. ಪೂರ್ತಿ ಸರ್ಕಾರದ ಹಣ, ಫೀಸು ಇಲ್ಲ, ವರ್ಷಕ್ಕೆ ಒಂದು ಸಣ್ಣ ಐಚ್ಛಿಕ ವಂತಿಗೆ ಅಷ್ಟೇ. ಪಕ್ಕದ ಬೀದಿಯಲ್ಲಿ ಸರ್ಕಾರಿ ಶಾಲೆ, ಎರಡಕ್ಕೂ ಒಂದೇ ಲೆಕ್ಕ. ದೇಶದ ಪ್ರಾಥಮಿಕ ಶಾಲೆಗಳಲ್ಲಿ ಸುಮಾರು ಮೂರನೇ ಎರಡರಷ್ಟು ಇಂಥ ಖಾಸಗಿ ಆಡಳಿತದ ಶಾಲೆಗಳೇ. ಈಗ ಅದು 23ನೇ ವಿಧಿ. ಇಲ್ಲಿ ಹಿಂದೂ ಪ್ರಾಥಮಿಕ ಶಾಲೆಗಳೂ ಇವೆ, ಹೆಚ್ಚಾಗಿ ಸುರಿನಾಮ್‌ನಿಂದ ಬಂದ ಹಿಂದೂಸ್ತಾನಿ ಸಮುದಾಯದವು. ಅವೂ ಅದೇ ವಿಧಿಯ ಅಡಿಯಲ್ಲೇ ನಡೆಯುವುದು.

ಹೇಗ್_ಕನ್ನಡತಿ

ಮೇಷ್ಟ್ರೇ, 1917 ನನ್ನ ವಾದಕ್ಕೆ ಬಲ ಕೊಡುತ್ತದೆ. ಅವತ್ತು ಪ್ರತಿ ಪಕ್ಷಕ್ಕೂ ಮನೆಗೆ ಒಯ್ಯಲು ಏನಾದರೂ ಇತ್ತು. ಅನುಪಾತ ಪ್ರಾತಿನಿಧ್ಯ ಬಂದದ್ದೇ ಪಕ್ಷಗಳಿಗೆ ದೊಡ್ಡ ಲಾಭ. ಮೊದಲು ಓಟು ಊರಿನ ಅಭ್ಯರ್ಥಿಗೆ ಬೀಳುತ್ತಿತ್ತು. 1918ರಿಂದ ಪಕ್ಷದ ಪಟ್ಟಿಗೆ ಬೀಳತೊಡಗಿತು. ಪಟ್ಟಿಯಲ್ಲಿ ಯಾರು ಎಷ್ಟನೇ ಜಾಗದಲ್ಲಿ ಅನ್ನುವುದನ್ನು ಪಕ್ಷವೇ ತೀರ್ಮಾನ ಮಾಡುತ್ತದೆ. ಅಲ್ಲಿಂದ ಮುಂದೆ ಆ ಹಿಡಿತವನ್ನು ಸಡಿಲಿಸುವ ಯಾವ ಪ್ರಯತ್ನ ಗೆದ್ದಿದೆ ಹೇಳಿ.

ಐಂಡ್‌ಹೋವನ್_ಗೌಡ

ಒಂದು ಸಣ್ಣ ಪ್ರಶ್ನೆ. ಇಲ್ಲಿ ವಿಪ್ ಇದೆಯಾ? ಪಕ್ಷ ಹೇಳಿದ ಹಾಗೆ ಓಟು ಹಾಕದಿದ್ದರೆ ಸೀಟು ಹೋಗುತ್ತಾ?

ಶಿರಸಿ_ವಕೀಲ

ಇಲ್ಲ ಗೌಡ್ರೇ. ನಮ್ಮಲ್ಲಿ 1985ರಿಂದ ಹತ್ತನೇ ಅನುಸೂಚಿ ಇದೆ, ವಿಪ್ ಮೀರಿದರೆ ಸದಸ್ಯತ್ವ ಹೋಗುತ್ತದೆ. ಡಚ್ ಸಂವಿಧಾನ ಪೂರ್ತಿ ಉಲ್ಟಾ. 67ನೇ ವಿಧಿ ಸದಸ್ಯರು ಯಾರ ಆದೇಶಕ್ಕೂ ಒಳಪಡದೆ ಮತ ಹಾಕಬೇಕು ಅನ್ನುತ್ತದೆ. ಸೀಟು ಸದಸ್ಯನದ್ದು, ಪಕ್ಷದ್ದಲ್ಲ. ಪಕ್ಷ ಬಿಟ್ಟು ಹೋದರೂ ಸೀಟು ಇಟ್ಟುಕೊಳ್ಳಬಹುದು. ಇನ್ನೊಂದು ವಿಶೇಷ, ಪಕ್ಷ ಅನ್ನುವ ಸಂಗತಿಯನ್ನೇ ಈ ಸಂವಿಧಾನ ಎಲ್ಲೂ ಎತ್ತುವುದಿಲ್ಲ. ಪಕ್ಷ ಅಂದರೆ ಸಿವಿಲ್ ಕೋಡ್ ಪ್ರಕಾರ ಒಂದು ಸಂಘ, ಅಷ್ಟೇ.

ಈ ಸ್ವಾತಂತ್ರ್ಯದ ಬೆಲೆ ಎಷ್ಟು ಅಂತ ತೋರಿಸಿದ ರಾತ್ರಿ ಒಂದಿದೆ. 1999ರ ಮೇ 18. ಆಗ ವಿಮ್ ಕೋಕ್ ಅವರ ಸರ್ಕಾರ, ಕಾರ್ಮಿಕ ಪಕ್ಷ ಪಿವಿಡಿಎ, ಉದಾರವಾದಿ ವಿವಿಡಿ, ಮತ್ತು ರಾಜಕೀಯ ಸುಧಾರಣೆ ಕೇಳುವ ಡಿ66 ಸೇರಿದ ಮೈತ್ರಿ. ಸಂಸತ್ತು ಮಾಡಿದ ಕಾನೂನನ್ನು ಜನಮತಗಣನೆಯಿಂದ ಜನ ತಳ್ಳಿಹಾಕಬಹುದು ಅನ್ನುವ ತಿದ್ದುಪಡಿ ಎರಡನೇ ಓದಿಗೆ ಮೇಲ್ಮನೆಗೆ ಬಂದಿತ್ತು. 75ರಲ್ಲಿ 50 ಮತ ಬೇಕಿತ್ತು. ವಿವಿಡಿಯಲ್ಲಿ ಹಲವರಿಗೆ ಇದು ಇಷ್ಟ ಇರಲಿಲ್ಲ, ಆದರೂ ಮೈತ್ರಿ ಒಪ್ಪಂದದಲ್ಲಿ ಬರೆದದ್ದು ಅಂತ ಬಾಯಿ ಮುಚ್ಚಿಕೊಂಡರು. ಚರ್ಚೆ ಮಧ್ಯರಾತ್ರಿ ದಾಟಿತು. ಒಬ್ಬೊಬ್ಬರ ಹೆಸರು ಕೂಗಿ ಮತ ಕೇಳಿದರು. ವಿವಿಡಿಯ ಮಾಜಿ ನಾಯಕ, ಒಂದು ಕಾಲದ ಉಪಪ್ರಧಾನಿ ಹಾನ್ಸ್ ವೀಗಲ್ ವಿರೋಧ ಅಂದರು. ಪರ 49, ವಿರೋಧ 26. ಒಂದೇ ಒಂದು ಮತ ಸಾಲಲಿಲ್ಲ.

ಮರುದಿನ ಕೋಕ್ ರಾಜೀನಾಮೆ ಕೊಟ್ಟರು. ಆಮೇಲೆ ಸಂಧಾನ ನಡೆದು ಅದೇ ಸರ್ಕಾರ ಮುಂದುವರಿಯಿತು, ಸಂವಿಧಾನ ಮುಟ್ಟದೆ ಸಲಹೆ ರೂಪದ ಜನಮತಕ್ಕೆ ತಾತ್ಕಾಲಿಕ ಕಾಯ್ದೆ ಮಾಡಿದರು.

ಇಲ್ಲಿ ಕನ್ನಡತಿ ಅವರಿಗೆ ನನ್ನ ತಕರಾರು ಇದೆ. ವೀಗಲ್ ಜನಪ್ರತಿನಿಧಿಗಳ ಸಂಸತ್ತೇ ದೊಡ್ಡದು ಅಂತ ನಂಬಿದವರು. ಪಕ್ಷ ಹೇಳಿದ್ದನ್ನು ಮೀರಿ ತಮಗೆ ಸರಿ ಕಂಡದ್ದನ್ನು ಮಾಡಿದರು. ಇದನ್ನು ಪಕ್ಷದ ಹಿಡಿತ ಅನ್ನುವುದು ಹೇಗೆ?

ಹೇಗ್_ಕನ್ನಡತಿ

ವಕೀಲರೇ, ಒಪ್ಪುತ್ತೇನೆ, ವೀಗಲ್ ಒಬ್ಬರೇ ನಿಂತರು. ಆದರೆ ಉಳಿದ 25 ಮತಗಳು ಎಲ್ಲಿಂದ ಬಂದವು? ಮುಖ್ಯವಾಗಿ ಸಿಡಿಎ, ಕ್ರೈಸ್ತ ಡೆಮಾಕ್ರಾಟ್‌ಗಳು. ಅವರಿಗೆ ಜನಮತಗಣನೆ ಯಾವತ್ತೂ ಬೇಡವಾಗಿತ್ತು. ಒಂದು ದೊಡ್ಡ ಪಕ್ಷ ಗಟ್ಟಿಯಾಗಿ ವಿರೋಧ ನಿಂತರೆ ಉಳಿದವರಲ್ಲಿ ಒಬ್ಬರು ಅಲ್ಲಾಡಿದರೂ ಸಾಕು, ತಿದ್ದುಪಡಿ ಸತ್ತಂತೆ. ಮೂರನೇ ಎರಡು ಅನ್ನುವುದು ಹೀಗೆ ಕೆಲಸ ಮಾಡುತ್ತದೆ.

ಇನ್ನು ಮೇಯರ್ ಕಥೆ. 2005ರ ಮಾರ್ಚ್ 22ರ ರಾತ್ರಿ, ಅದೇ ಮೇಲ್ಮನೆ. ಮೇಯರ್ ನೇಮಕದ ಸಾಲನ್ನು ಸಂವಿಧಾನದಿಂದ ತೆಗೆಯುವುದು ಮಾತ್ರ ತಿದ್ದುಪಡಿ. ತೆಗೆದರೆ ಮುಂದೆ ಸಾಧಾರಣ ಕಾನೂನಿನಲ್ಲೇ ಚುನಾವಣೆ ತರಬಹುದಿತ್ತು. ಡಿ66ನ ಮಂತ್ರಿ ಟಾಮ್ ಡೆ ಗ್ರಾಫ್ ಆ ಕಾನೂನನ್ನೂ ತಯಾರು ಮಾಡಿ ಇಟ್ಟುಕೊಂಡಿದ್ದರು. ಮೂರನೇ ಎರಡು ಮುಟ್ಟಲು ವಿರೋಧ ಪಕ್ಷದಲ್ಲಿದ್ದ ಪಿವಿಡಿಎ ಬೇಕೇ ಬೇಕಿತ್ತು. ಆ ಪಕ್ಷ ಮೊದಲ ಓದಿನಲ್ಲಿ ಪರ ಇತ್ತು. ಎರಡನೇ ಓದಿನಲ್ಲಿ ಮೇಲ್ಮನೆಯ ಅವರ ಗುಂಪು, ಎಡ್ ಫಾನ್ ಟೈನ್ ಮುಂದಾಳತ್ವದಲ್ಲಿ, ವಿರೋಧ ಹಾಕಿತು. ಮಂತ್ರಿ ತರಲು ಹೊರಟ ರೀತಿಯ ಮೇಯರ್ ಚುನಾವಣೆ ಸರಿಯಿಲ್ಲ ಅನ್ನುವುದು ಅವರ ಕಾರಣ. ಡೆ ಗ್ರಾಫ್ ರಾಜೀನಾಮೆ ಕೊಟ್ಟು ಹೊರಟರು.

ಫಾನ್ ಟೈನ್ ಸುಧಾರಣೆಗೆ ವಿರೋಧಿ ಅಂತ ತಿಳಿಯಬೇಡಿ. 1970ರ ಸುಮಾರಿಗೆ ಸರ್ಕಾರ ರಚಿಸುವವರನ್ನು ಜನರೇ ನೇರವಾಗಿ ಆರಿಸಲಿ ಅನ್ನುವ ಮಸೂದೆಯನ್ನು ಡಿ66ನವರ ಜೊತೆ ಸೇರಿ ತಂದವರಲ್ಲಿ ಇವರೂ ಒಬ್ಬರು. ಅವರು ಆಮ್‌ಸ್ಟರ್‌ಡ್ಯಾಮ್‌ನ ಮೇಯರ್ ಆಗಿದ್ದರು, ನೇಮಕಗೊಂಡ ಮೇಯರ್.

ಮೇಯರ್ ಹುದ್ದೆ ಪಕ್ಷಗಳಿಗೆ ಎಷ್ಟು ಮುಖ್ಯ ಅಂತ ಇಲ್ಲಿದ್ದರೆ ಗೊತ್ತಾಗುತ್ತದೆ. ದೇಶದಲ್ಲಿ ಪಕ್ಷದ ಸದಸ್ಯರಾಗಿರುವವರು ಮತದಾರರಲ್ಲಿ ಶೇ. 3ರ ಆಸುಪಾಸು. ಮೇಯರ್‌ಗಳಲ್ಲಿ ಬಹುಪಾಲು ಜನ ಯಾವುದೋ ದೊಡ್ಡ ಪಕ್ಷದ ಸದಸ್ಯರು. ಉಳಿದ ಶೇ. 97ರಷ್ಟು ಜನರಲ್ಲಿ ಊರು ನಡೆಸುವ ಯೋಗ್ಯತೆ ಇರುವವರು ಇಲ್ಲವಾ?

ಕೊನೆಗೆ 2018ರ ನವೆಂಬರ್‌ನಲ್ಲಿ ಆ ಸಾಲು ಸಂವಿಧಾನದಿಂದ ಹೋಯಿತು. ಆದರೂ ಮೇಯರ್ ಇನ್ನೂ ನೇಮಕವೇ, ಯಾಕೆಂದರೆ ಸಾಧಾರಣ ಕಾನೂನು ಬದಲಾಗಿಲ್ಲ. ಬಾಗಿಲು ತೆಗೆದಿದೆ, ಯಾರೂ ಒಳಗೆ ಹೋಗುತ್ತಿಲ್ಲ.

ಉಟ್ರೆಕ್ಟ್_ಅಪ್ಪ

ಡಿ66 ಬಗ್ಗೆ ನಾನು ಹೇಳಲೇಬೇಕು. ಈ ದೇಶಕ್ಕೆ ಬಂದ ಹೊಸತರಲ್ಲಿ ನನಗೆ ಮನಸ್ಸಿಗೆ ಹಿಡಿಸಿದ ಪಕ್ಷ ಅದು. 1966ರಲ್ಲಿ ಪತ್ರಕರ್ತ ಹಾನ್ಸ್ ಫಾನ್ ಮೀರ್ಲೊ ಮತ್ತು ಗೆಳೆಯರು ಕಟ್ಟಿದ್ದು. ಸಂವಿಧಾನ ಸುಧಾರಣೆಗೆ ಅಂತಲೇ ಹುಟ್ಟಿದ ಪಕ್ಷ ಜಗತ್ತಿನಲ್ಲಿ ಎಷ್ಟಿವೆ? ಪ್ರಧಾನಿಯನ್ನು ಜನ ನೇರವಾಗಿ ಆರಿಸಬೇಕು, ಕ್ಷೇತ್ರಗಳು ಮರಳಿ ಬರಬೇಕು, ಹಳೆಯ ಪಕ್ಷ ವ್ಯವಸ್ಥೆ ಒಡೆಯಬೇಕು ಅನ್ನುವುದು ಅವರ ಬೇಡಿಕೆ. 1967ರ ಮೊದಲ ಚುನಾವಣೆಯಲ್ಲೇ 7 ಸೀಟು.

ಆ ಒತ್ತಡಕ್ಕೆ ಅದೇ ವರ್ಷ ಸಂವಿಧಾನ ಆಯೋಗ ಕೂತಿತು, ಕಾಲ್ಸ್ ಮತ್ತು ಡೊನ್ನರ್ ಮುಖ್ಯಸ್ಥರು. ಅದರಿಂದ ಹೊರಟ ದಾರಿ 1983ರ ದೊಡ್ಡ ಪರಿಷ್ಕರಣೆಗೆ ತಲುಪಿತು. ಒಂದನೇ ವಿಧಿಯ ಸಮಾನತೆ, ಸಾಮಾಜಿಕ ಹಕ್ಕುಗಳು, ನಾವು ವಿದೇಶಿಯರು ನಗರಸಭೆಗೆ ಓಟು ಹಾಕುವ ದಾರಿ, ಎಲ್ಲ ಅದರಲ್ಲಿ ಬಂದವು. 1986ರಲ್ಲಿ ವಿದೇಶಿಯರು ದೇಶದೆಲ್ಲೆಡೆ ಮೊದಲ ಸಲ ಓಟು ಹಾಕಿದರು. ಆದರೆ ಡಿ66 ಹುಟ್ಟಿದ್ದು ಯಾವುದಕ್ಕೆ ಅಂತ ಹೇಳಿದೆನೋ, ಪ್ರಧಾನಿ ಚುನಾವಣೆ, ಕ್ಷೇತ್ರಗಳು, ಅವು ಮಾತ್ರ ಬರಲಿಲ್ಲ. ಅಲ್ಲಿ ಕನ್ನಡತಿ ಅವರ ಮಾತು ನಿಜ.

ನನಗೆ ಬೇಸರ ತಂದದ್ದು 2018. ಅದಕ್ಕೆ ಮೂರು ವರ್ಷ ಮುಂಚೆ, 2015ರ ಜುಲೈನಲ್ಲಿ, ಸಲಹೆ ರೂಪದ ಜನಮತದ ಕಾಯ್ದೆ ಜಾರಿಗೆ ಬಂದಿತ್ತು. ಮೂರು ಲಕ್ಷ ಸಹಿ ಸೇರಿಸಿದರೆ ಸಂಸತ್ತು ಪಾಸು ಮಾಡಿದ ಕಾನೂನಿನ ಮೇಲೆ ಜನಮತ ಕೇಳಬಹುದಿತ್ತು. ಅದನ್ನು ತಂದವರು ಪಿವಿಡಿಎ, ಹಸಿರು ಎಡಪಕ್ಷ ಗ್ರೋನ್‌ಲಿಂಕ್ಸ್, ಡಿ66. 2016ರ ಏಪ್ರಿಲ್‌ನಲ್ಲಿ ಯುರೋಪಿಯನ್ ಒಕ್ಕೂಟ ಉಕ್ರೇನ್ ಜೊತೆ ಮಾಡಿಕೊಂಡ ಒಪ್ಪಂದದ ಮೇಲೆ ಮೊದಲ ಜನಮತ ನಡೆಯಿತು. ಮತದಾನ ಶೇ. 32, ಬೇಡ ಅಂದವರು ಶೇ. 61. ಸರ್ಕಾರ ಯುರೋಪಿನವರ ಜೊತೆ ಒಂದು ವಿವರಣೆ ಸೇರಿಸಿಕೊಂಡು ಒಪ್ಪಂದಕ್ಕೆ ಸಹಿ ಉಳಿಸಿಕೊಂಡಿತು. 2018ರ ಮಾರ್ಚ್‌ನಲ್ಲಿ ಗುಪ್ತಚರ ಇಲಾಖೆಯ ಅಧಿಕಾರದ ಕಾನೂನಿನ ಮೇಲೆ ಎರಡನೆಯದು. ಅದರಲ್ಲೂ ಬೇಡ ಅಂದವರೇ ಸ್ವಲ್ಪ ಜಾಸ್ತಿ.

ಅಷ್ಟರಲ್ಲೇ ಈ ಕಾಯ್ದೆಯನ್ನು ರದ್ದು ಮಾಡುವ ಮಸೂದೆ ಬಂದಾಗಿತ್ತು. ತಂದ ಸರ್ಕಾರದಲ್ಲಿ ಡಿ66 ಇತ್ತು, ಮಂಡಿಸಿದ ಮಂತ್ರಿಯೂ ಡಿ66ನವರೇ. ರದ್ದತಿಯ ಮೇಲೆ ಜನಮತ ಕೇಳುವ ದಾರಿಯನ್ನೂ ಅದೇ ಮಸೂದೆಯಲ್ಲಿ ಮುಚ್ಚಿದರು. ನಾಲ್ಕು ಪಕ್ಷಗಳ ಮೈತ್ರಿ ಒಪ್ಪಂದದಲ್ಲಿ ಹೀಗೆ ಬರೆದಿದೆ, ಮಾಡಬೇಕು ಅನ್ನುವುದೇ ಕಾರಣ. ಐವತ್ತು ವರ್ಷ ಹಿಡಿದುಕೊಂಡು ಬಂದ ಬೇಡಿಕೆಯನ್ನು ಹೀಗೆ ಬಿಟ್ಟುಕೊಡಬಾರದಿತ್ತು. ಅವತ್ತಿನಿಂದ ನನಗೆ ಆ ಪಕ್ಷದ ಮೇಲಿನ ನಂಬಿಕೆ ಹೋಯಿತು.

ಧಾರವಾಡದ_ಮೇಷ್ಟ್ರು

ಆದರೂ 2025ರ ಅಕ್ಟೋಬರ್ ಚುನಾವಣೆಯಲ್ಲಿ ಡಿ66ಗೆ 26 ಸೀಟು ಬಂದವು, ಅವರ ಇತಿಹಾಸದಲ್ಲೇ ಅತಿ ಹೆಚ್ಚು. ಮತದಾರರು ಕೊಟ್ಟದ್ದು ಬೇರೆ ವಿಷಯಗಳಿಗೆ. ಜನರಿಗೆ ಬೇಕಾದದ್ದು ಮನೆ, ಆಸ್ಪತ್ರೆ. ಸಂವಿಧಾನಕ್ಕೆ ಓಟು ಬೀಳುವುದಿಲ್ಲ ಅನ್ನುವುದು ಪಕ್ಷಗಳಿಗೆ ಚೆನ್ನಾಗಿ ಗೊತ್ತು.

ಬೆಳಗಾವಿ_ಅಕ್ಕ

ಇಷ್ಟು ಹೊತ್ತು ಓದುತ್ತಿದ್ದೆ. ಪಕ್ಷಗಳು ಅಡ್ಡಗಾಲು ಅನ್ನುವ ಮಾತು ನನಗೆ ಅರ್ಧ ಮಾತ್ರ ಒಪ್ಪಿಗೆ. ನಾನು ಅಂಗವಿಕಲರ ಜೊತೆ ಕೆಲಸ ಮಾಡುವವಳು, ರಾಟರ್‌ಡ್ಯಾಮ್‌ನಲ್ಲಿ. ನಮಗೆ 2023ರ ಜನವರಿ 17 ದೊಡ್ಡ ದಿನ. ಒಂದನೇ ವಿಧಿಯಲ್ಲಿ ಅಂಗವೈಕಲ್ಯ ಮತ್ತು ಲೈಂಗಿಕ ಒಲವು, ಎರಡನ್ನೂ ಹೆಸರಿಸಿ ತಾರತಮ್ಯ ಸಲ್ಲದು ಅಂತ ಸೇರಿಸುವುದಕ್ಕೆ ಮೇಲ್ಮನೆ ಅವತ್ತು ಒಪ್ಪಿತು.

ಆ ಮಸೂದೆ ಶುರುವಾದದ್ದು 2010ರಲ್ಲಿ. ಡಿ66, ಪಿವಿಡಿಎ, ಗ್ರೋನ್‌ಲಿಂಕ್ಸ್ ಮೂರೂ ಪಕ್ಷಗಳ ಸದಸ್ಯರು ಸೇರಿ ತಂದದ್ದು. ಹದಿಮೂರು ವರ್ಷದಲ್ಲಿ ಸಂಸತ್ತಿಗೆ ಹಲವು ಚುನಾವಣೆ ಆದವು. ಮೊದಲು ಸಹಿ ಹಾಕಿದವರು ಸಂಸತ್ತು ಬಿಟ್ಟು ಹೋದರು. ಅವರ ಜಾಗಕ್ಕೆ ಅದೇ ಪಕ್ಷದ ಬೇರೆಯವರು ಬಂದು ಹೊತ್ತುಕೊಂಡರು. ಒಬ್ಬ ಸ್ವತಂತ್ರ ಸದಸ್ಯ ತಂದಿದ್ದರೆ ಆತ ಸೋತ ದಿನವೇ ಮಸೂದೆ ಅನಾಥ ಆಗುತ್ತಿತ್ತು. ಇಷ್ಟು ವರ್ಷ ಒಂದು ಕೆಲಸ ನೆನಪಿಟ್ಟುಕೊಳ್ಳಲು ಪಕ್ಷ ಬೇಕು.

ನಿಧಾನ ಆಯಿತು ಅಂತ ನಮ್ಮಲ್ಲೂ ಸಿಟ್ಟಿತ್ತು. ಆದರೆ ಆ ನಿಧಾನದಲ್ಲೇ ಒಂದು ಒಳ್ಳೆಯದಾಯಿತು. ಶುರುವಿನಲ್ಲಿ ವಿರೋಧ ಇದ್ದವರನ್ನು ಒಬ್ಬೊಬ್ಬರನ್ನಾಗಿ ಭೇಟಿ ಮಾಡಿ ಮಾತಾಡಲು ಸಂಘಟನೆಗಳಿಗೆ ಸಮಯ ಸಿಕ್ಕಿತು. ಮೂರನೇ ಎರಡು ದಾಟಿ ಬಂದದ್ದನ್ನು ನಾಳೆ ಬೇರೆ ಸರ್ಕಾರ ಬಂದರೂ ಸುಲಭವಾಗಿ ತೆಗೆಯಲು ಆಗುವುದಿಲ್ಲ. ಇಲ್ಲಿ ಬಲಪಂಥ ಎಷ್ಟು ಬೆಳೆದಿದೆ ನೋಡಿದ್ದೀರಲ್ಲ. ಸರಳ ಬಹುಮತಕ್ಕೆ ಸಂವಿಧಾನ ಬದಲಾಗುವಂತಿದ್ದರೆ ನಾವು ವಲಸಿಗರು ನಿದ್ದೆ ಮಾಡುತ್ತಿದ್ದೆವಾ?

ಐಂಡ್‌ಹೋವನ್_ಗೌಡ

ಅಕ್ಕ ಹೇಳಿದ್ದು ಸರಿ. ನಗರಸಭೆಗೆ ನಮ್ಮ ಓಟಿನ ಹಕ್ಕು ಕಿತ್ತುಕೊಳ್ಳಲು ಸಂವಿಧಾನ ಮುಟ್ಟಬೇಕಿಲ್ಲವಾ?

ಶಿರಸಿ_ವಕೀಲ

ಗೌಡ್ರೇ, ಬೇಕಿಲ್ಲ. 130ನೇ ವಿಧಿ ಕೊಡಬಹುದು ಅನ್ನುತ್ತದೆ, ಕೊಡಲೇಬೇಕು ಅನ್ನುವುದಿಲ್ಲ. ಸಾಧಾರಣ ಕಾನೂನಿನಿಂದ ಬಂದದ್ದು ಸಾಧಾರಣ ಕಾನೂನಿನಿಂದ ಹೋಗಬಹುದು. ಹಾಗಾಗಿ ಪಕ್ಷಗಳ ಪ್ರಣಾಳಿಕೆ ಓದುವುದು ಒಳ್ಳೆಯದು.

ಅಕ್ಕನ ಮಾತಿಗೆ ಒಂದು ಸೇರಿಸುತ್ತೇನೆ. ಇಲ್ಲಿ ಸಂವಿಧಾನ ಕಾಯುವ ಕೋರ್ಟ್ ಇಲ್ಲ. 120ನೇ ವಿಧಿ ಪ್ರಕಾರ ಸಂಸತ್ತು ಮಾಡಿದ ಕಾನೂನು ಸಂವಿಧಾನಕ್ಕೆ ಹೊಂದುತ್ತದೋ ಇಲ್ಲವೋ ಅಂತ ನ್ಯಾಯಾಧೀಶರು ನೋಡುವಂತಿಲ್ಲ. ಕಾಸರಗೋಡಿನ ಎಡನೀರು ಮಠದ ಸ್ವಾಮಿಗಳು ಹಾಕಿದ ಕೇಸಿನಿಂದ 1973ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ತಿದ್ದುಪಡಿಯನ್ನೇ ತಡೆಯುವ ಅಧಿಕಾರ ಹೇಳಿಕೊಂಡಿತು. ಅದನ್ನು ಓದಿ ಬೆಳೆದ ನನಗೆ ಇದು ಇವತ್ತಿಗೂ ಕಷ್ಟದ ವಿಷಯ. ಇಲ್ಲಿ ಸಂವಿಧಾನದ ಅರ್ಥ ಹೇಳುವವರು ಕೊನೆಗೂ ಸಂಸತ್ತು, ಅಂದರೆ ಪಕ್ಷಗಳು.

ಇದರ ಬೆಲೆ ಮಕ್ಕಳ ಆರೈಕೆ ಭತ್ಯೆಯ ಹಗರಣದಲ್ಲಿ ಕಂಡಿತು. ಸಾವಿರಾರು ಪೋಷಕರು ಸಣ್ಣ ತಪ್ಪಿಗೆ, ಎಷ್ಟೋ ಸಲ ತಪ್ಪೇ ಇಲ್ಲದೆ, ಪಡೆದ ಭತ್ಯೆಯನ್ನೆಲ್ಲ ವಾಪಸ್ ಕಟ್ಟಬೇಕಾಯಿತು. ಹತ್ತಾರು ಸಾವಿರ ಯೂರೋ. ಮನೆ ಹೋಯಿತು, ಸಂಸಾರ ಒಡೆದವು. ವಿದೇಶಿ ಮೂಲದವರು ಹೆಚ್ಚು ಸಿಕ್ಕಿಬಿದ್ದರು. ಕಠಿಣ ಕಾನೂನಿಗೆ ಸಂಸತ್ತಿನ ಪಕ್ಷಗಳೇ ಕೈ ಎತ್ತಿದ್ದವು. ಕೋರ್ಟುಗಳೂ ವರ್ಷಗಟ್ಟಲೆ ಅದನ್ನೇ ಎತ್ತಿಹಿಡಿದವು. 2021ರ ಜನವರಿ 15ರಂದು ಮಾರ್ಕ್ ರುಟ್ಟೆ ಸರ್ಕಾರ ರಾಜೀನಾಮೆ ಕೊಟ್ಟಿತು.

ಅದನ್ನು ಬಯಲಿಗೆ ಎಳೆದವರಲ್ಲಿ ಮುಖ್ಯರು ಸಿಡಿಎಯ ಪೀಟರ್ ಓಮ್‌ಟ್ಸಿಕ್ಟ್ ಮತ್ತು ಸಮಾಜವಾದಿ ಪಕ್ಷ ಎಸ್‌ಪಿಯ ರೆನ್ಸ್ಕೆ ಲೈಟನ್. ಓಮ್‌ಟ್ಸಿಕ್ಟ್ ಪಕ್ಷ ಬಿಟ್ಟು 2023ರ ಆಗಸ್ಟ್‌ನಲ್ಲಿ ಎನ್‌ಎಸ್‌ಸಿ ಅನ್ನುವ ಹೊಸ ಪಕ್ಷ ಕಟ್ಟಿದರು. ಸಂವಿಧಾನ ನ್ಯಾಯಾಲಯ ಬೇಕು, ಚುನಾವಣೆಯಲ್ಲಿ ಪ್ರದೇಶಕ್ಕೆ ಬೆಲೆ ಬರಬೇಕು ಅಂತ ಕೇಳಿದರು. ನವೆಂಬರ್‌ನಲ್ಲಿ 20 ಸೀಟು ಬಂದವು. ಮುಂದಿನ ವರ್ಷದ ಮೈತ್ರಿ ಒಪ್ಪಂದದಲ್ಲಿ ಎರಡೂ ಸೇರಿದವು, ಗೃಹ ಖಾತೆಯೂ ಅವರಿಗೇ ಸಿಕ್ಕಿತು. ಆದರೆ 2025ರ ಜೂನ್‌ನಲ್ಲಿ ಮೈತ್ರಿಯಲ್ಲಿದ್ದ ಕಟ್ಟಾ ಬಲಪಂಥೀಯ ಪಕ್ಷ ಪಿವಿವಿ ಹೊರಹೋಗಿ ಸರ್ಕಾರ ಬಿತ್ತು, ಅಕ್ಟೋಬರ್‌ನಲ್ಲಿ ಎನ್‌ಎಸ್‌ಸಿಗೆ ಒಂದು ಸೀಟೂ ಬರಲಿಲ್ಲ. ಇಪ್ಪತ್ತರಿಂದ ಸೊನ್ನೆಗೆ. ಅಕ್ಕ ಹೇಳಿದ ಹಾಗೆ ಕೆಲಸವನ್ನು ಹೊತ್ತು ನಡೆಯಲು ಪಕ್ಷ ಉಳಿಯಬೇಕಲ್ಲ, ಎರಡು ವರ್ಷದಲ್ಲಿ ಮುಳುಗುವ ಪಕ್ಷಕ್ಕೆ ಎರಡು ಓದಿನ ತಿದ್ದುಪಡಿ ದಾಟಿಸುವುದು ಆಗದ ಮಾತು.

ಅದಕ್ಕೂ ಮೊದಲು ಗ್ರೋನ್‌ಲಿಂಕ್ಸ್‌ನ ಫೆಮ್ಕೆ ಹಾಲ್ಸೆಮಾ 2002ರಲ್ಲೇ 120ನೇ ವಿಧಿ ಸಡಿಲಿಸುವ ಮಸೂದೆ ತಂದಿದ್ದರು. ಮೊದಲ ಓದು ದಾಟಿತು, ಎರಡನೆಯದರಲ್ಲಿ ವರ್ಷಗಟ್ಟಲೆ ಕೂತು ಮುಗಿದುಹೋಯಿತು. ಹೀಗೆ ಮಸೂದೆಗಳು ಧೂಳು ಹಿಡಿಯಬಾರದು ಅಂತಲೇ ಈಚೆಗೆ 137ನೇ ವಿಧಿ ಬದಲಾಯಿಸಿದ್ದಾರೆ. ಚುನಾವಣೆ ಆದ ಮೇಲೆ ಬರುವ ಕೆಳಮನೆಯೇ ತೀರ್ಮಾನ ಮಾಡಬೇಕು.

ಉಟ್ರೆಕ್ಟ್_ಅಪ್ಪ

ಪಕ್ಷಗಳ ಒಳಗಿನ ವಿಷಯವನ್ನೂ ಮಾತಾಡಬೇಕಲ್ವಾ? ಪಿವಿವಿ ಇದೆಯಲ್ಲ, ಅದಕ್ಕೆ ಸದಸ್ಯ ಅಂತ ಇರುವುದು ಗೀರ್ಟ್ ವಿಲ್ಡರ್ಸ್ ಮಾತ್ರ. ಮಹಾಸಭೆ ಇಲ್ಲ, ಆಂತರಿಕ ಚುನಾವಣೆ ಇಲ್ಲ. ಆದರೂ 2023ರಲ್ಲಿ 37 ಸೀಟು ಗೆದ್ದು ಅತಿ ದೊಡ್ಡ ಪಕ್ಷ ಆಯಿತು. ಸಾವಿರ ಸದಸ್ಯರಿಲ್ಲದ ಕಾರಣ ಸರ್ಕಾರದ ಅನುದಾನ ಸಿಗುವುದಿಲ್ಲ, ಅಷ್ಟೇ ತೊಂದರೆ. ಸಂವಿಧಾನ ಬದಲಾಯಿಸುವ ಮತಗಳು ಇಂಥ ಪಕ್ಷದ ಕೈಯಲ್ಲೂ ಇರುತ್ತವೆ. ಪಕ್ಷಗಳಿಗೇ ಒಂದು ಕಾನೂನು ಬೇಡವಾ?

ಬೆಳಗಾವಿ_ಅಕ್ಕ

ಎಸ್‌ಜಿಪಿ ಉದಾಹರಣೆಯೂ ಇದೆ. 1918ರಲ್ಲಿ ಹುಟ್ಟಿದ ಕಟ್ಟಾ ಪ್ರೊಟೆಸ್ಟಂಟ್ ಪಕ್ಷ, ಹೆಂಗಸರನ್ನು ಪಟ್ಟಿಯಲ್ಲಿ ನಿಲ್ಲಿಸುತ್ತಲೇ ಇರಲಿಲ್ಲ. ಒಂದನೇ ವಿಧಿ ಇದ್ದೂ ಬೇರೆ ಪಕ್ಷಗಳು ತಲೆ ಕೆಡಿಸಿಕೊಳ್ಳಲಿಲ್ಲ. ಮಹಿಳಾ ಸಂಘಟನೆಗಳು ಕೋರ್ಟಿಗೆ ಹೋದವು. 2010ರಲ್ಲಿ ಸರ್ವೋಚ್ಚ ನ್ಯಾಯಾಲಯ ವಿಶ್ವಸಂಸ್ಥೆಯ ಮಹಿಳಾ ಒಪ್ಪಂದ ಹಿಡಿದು, ಸರ್ಕಾರ ಸುಮ್ನೆ ಕೂರುವಂತಿಲ್ಲ ಅಂದಿತು. 2013ರಲ್ಲಿ ಪಕ್ಷ ನಿಯಮ ಬದಲಾಯಿಸಿತು, ಮರುವರ್ಷ ಫ್ಲಿಸಿಂಗನ್ ಊರಿನಲ್ಲಿ ಅವರ ಮೊದಲ ಮಹಿಳೆ ನಗರಸಭೆಗೆ ಗೆದ್ದರು. ಸಂವಿಧಾನದಿಂದ ಆಗದ್ದು ಅಂತರರಾಷ್ಟ್ರೀಯ ಒಪ್ಪಂದದಿಂದ ಆಯಿತು.

ಶಿರಸಿ_ವಕೀಲ

ಹೌದು ಅಕ್ಕ, 94ನೇ ವಿಧಿ. ಒಪ್ಪಂದಗಳಿಗೆ ವಿರುದ್ಧವಾದ ಕಾನೂನನ್ನು ಕೋರ್ಟು ಬದಿಗಿಡಬಹುದು. ಸ್ವಂತ ಸಂವಿಧಾನಕ್ಕೆ ಆ ಬಲ ಇಲ್ಲ.

ಅಪ್ಪ ಅವರು ಕೇಳಿದ ಪಕ್ಷಗಳ ಕಾನೂನನ್ನು 2018ರ ಡಿಸೆಂಬರ್‌ನಲ್ಲಿ ಯೋಹಾನ್ ರೆಮ್ಕೆಸ್ ಆಯೋಗವೂ ಶಿಫಾರಸು ಮಾಡಿತ್ತು. ಅದರ ಜೊತೆಗೆ ಸಂವಿಧಾನ ನ್ಯಾಯಾಲಯ, ಸರ್ಕಾರ ಒಪ್ಪಲೇಬೇಕಾದ ಜನಮತ, ಸರ್ಕಾರ ರಚಿಸುವವರ ನೇರ ಆಯ್ಕೆ, ಎಲ್ಲ ಇತ್ತು. ರೆಮ್ಕೆಸ್ ವಿವಿಡಿಯ ಹಳೆಯ ಮಂತ್ರಿ. ಅವರ ಪಕ್ಷದ ಪ್ರಧಾನಿ ಇದ್ದ ಸರ್ಕಾರವೇ ಅದರಲ್ಲಿ ಹಲವನ್ನು ಪಕ್ಕಕ್ಕೆ ಇಟ್ಟಿತು.

ಹೇಗ್_ಕನ್ನಡತಿ

ಅಕ್ಕನ 2023ರ ಮಾತು ನನ್ನ ವಾದದೊಳಗೇ ಬರುತ್ತದೆ ಅನ್ನಿಸುತ್ತದೆ. ಒಂದನೇ ವಿಧಿಯಲ್ಲಿ ಎರಡು ಹೆಸರು ಸೇರಿದರೆ ಯಾವ ಪಕ್ಷದ ಅಧಿಕಾರವೂ ಕಡಿಮೆ ಆಗುವುದಿಲ್ಲ. ಅದಕ್ಕೇ ವಿರೋಧಿಗಳನ್ನು ಮಾತಾಡಿಸಿ ಒಲಿಸಲು ಆಯಿತು. ಜನಮತಗಣನೆಗೆ ಎಸ್‌ಪಿ ಇಷ್ಟೇ ತಾಳ್ಮೆಯಿಂದ ದುಡಿಯಿತು. ಮೊದಲ ಓದು 2021ರಲ್ಲಿ ದಾಟಿತು. 2022ರಲ್ಲಿ ಎರಡನೇ ಓದಿನಲ್ಲಿ ಕೆಳಮನೆಯಲ್ಲೇ ಮೂರನೇ ಎರಡು ಸಿಗದೆ ಬಿತ್ತು. ತಾಳ್ಮೆ ಎರಡೂ ಕಡೆ ಒಂದೇ, ಫಲ ಬೇರೆ ಬೇರೆ.

ಅದೇ ಪಕ್ಷಗಳು ತಮಗೆ ಬೇಕಾದದ್ದನ್ನು ಸಂವಿಧಾನ ಮುಟ್ಟದೆಯೂ ಮಾಡುತ್ತವೆ. ಚುನಾವಣೆ ಆದ ಮೇಲೆ ಸರ್ಕಾರ ರಚನೆಯ ಮಾತುಕತೆಗೆ ಯಾರನ್ನು ನೇಮಿಸಬೇಕು ಅಂತ ರಾಣಿ ತೀರ್ಮಾನಿಸುತ್ತಿದ್ದರು. 2012ರಲ್ಲಿ ಕೆಳಮನೆ ತನ್ನ ನಡಾವಳಿ ನಿಯಮ ತಿದ್ದಿ ಆ ಕೆಲಸವನ್ನು ತಾನೇ ತೆಗೆದುಕೊಂಡಿತು. ಎರಡು ಓದೂ ಇಲ್ಲ, ಮೂರನೇ ಎರಡೂ ಇಲ್ಲ. ಅರಮನೆಯಿಂದ ಪಕ್ಷಗಳ ಕೈಗೆ ಇಷ್ಟು ದೊಡ್ಡ ಅಧಿಕಾರ ಇಷ್ಟು ಸಲೀಸಾಗಿ ಬಂತು. ಪಕ್ಷಗಳ ಕೈಯಿಂದ ಜನರ ಕೈಗೆ ಹೋಗಬೇಕಾದದ್ದು ಮಾತ್ರ ಐವತ್ತು ವರ್ಷದಿಂದ ಹೋಗಿಲ್ಲ.

ಐಂಡ್‌ಹೋವನ್_ಗೌಡ

ಕೊನೆಯದಾಗಿ ಕೇಳುತ್ತೇನೆ. ಮೇಲ್ಮನೆಗೆ ಮುಂದಿನ ಚುನಾವಣೆ ಯಾವಾಗ? ನಮಗೆ ಅದರಲ್ಲಿ ಓಟಿದೆಯಾ?

ಹೇಗ್_ಕನ್ನಡತಿ

2027ರ ಮಾರ್ಚ್‌ನಲ್ಲಿ ಪ್ರಾಂತ್ಯಗಳಿಗೆ ಚುನಾವಣೆ. ಅಲ್ಲಿ ಗೆದ್ದವರು ಮೇ ತಿಂಗಳಲ್ಲಿ ಮೇಲ್ಮನೆ ಆರಿಸುತ್ತಾರೆ. ಪ್ರಾಂತ್ಯಕ್ಕೆ ಡಚ್ ಪೌರತ್ವ ಇದ್ದವರಿಗೆ ಮಾತ್ರ ಓಟು. ಅದೇ ದಿನ ನಡೆಯುವ ನೀರು ನಿರ್ವಹಣಾ ಮಂಡಳಿಯ ಚುನಾವಣೆಗೆ ನಾವೂ ಹಾಕಬಹುದು. ಡಚ್ ಪಾಸ್‌ಪೋರ್ಟ್ ತೆಗೆದುಕೊಂಡ ನಮ್ಮವರು ಪ್ರಾಂತ್ಯದ ಹಾಳೆಯನ್ನು ಬಿಡಬೇಡಿ. ತಿದ್ದುಪಡಿಗೆ ಬೇಕಾದ 50 ಮತಗಳು ಬರುವುದು ಅಲ್ಲಿಂದಲೇ. ನಿಮ್ಮ ಪಕ್ಷದ ಅಭ್ಯರ್ಥಿಗಳಿಗೆ ಮೇಯರ್ ಚುನಾವಣೆ, ಜನಮತಗಣನೆ, 120ನೇ ವಿಧಿ, ಈ ಮೂರರ ಬಗ್ಗೆ ನೇರವಾಗಿ ಬರೆದು ಕೇಳಿ. ಉತ್ತರ ಬಂದರೆ ಇಲ್ಲಿ ಹಾಕಿ, ಎಲ್ಲರೂ ಓದೋಣ.